ತಳದ ಹಸಿ

ಕಳೆದ ಚಳಿಗಾಲದಲ್ಲಿ ಸೇಡಂನಲ್ಲಿ ಒಂದು ಮದುವೆ ಮುಗಿಸಿಕೊಂಡು ಬರುವಾಗ ಕೋಡ್ಲಾದ ಹತ್ತಿರ ನಮ್ಮ ಬಸ್ಸು ಪಂಕ್ಚರ್ ಆಗಿ ನಿಂತಿತು. ಗಂಡಸರೆಲ್ಲ ಇಳಿದು ಚಹಾದಂಗಡಿ ಹುಡುಕಿಕೊಂಡು ಹೋದರು. ನಾನು ರಸ್ತೆ ಪಕ್ಕದ ಜೋಳದ ಹೊಲದ ಬದುವಿಗೆ ಹೋಗಿ ನಿಂತೆ. ಬೆಳಗಿನ ಹೊತ್ತು, ಬಿಸಿಲು ಇನ್ನೂ ಏರಿರಲಿಲ್ಲ. ಹೊಲ ನೋಡಲು ಚೆನ್ನಾಗಿಯೇ ಇತ್ತು. ಆದರೆ ನಡುವೆ ಬೈತಲೆ ತೆಗೆದಂತೆ ಉದ್ದಕ್ಕೂ ಒಂದು ಪಟ್ಟಿ. ಅಲ್ಲಿನ ಎಲೆಗಳೆಲ್ಲ ಸುರುಳಿ ಸುತ್ತಿಕೊಂಡಿದ್ದವು. ಮಧ್ಯಾಹ್ನ ಜೋಳದ ಎಲೆ ಸುತ್ತಿಕೊಂಡರೆ ಅದು ಬಿಸಿಲಿನ ಕಾಟ, ಸಂಜೆಗೆ ತಾನೇ ಬಿಚ್ಚಿಕೊಳ್ಳುತ್ತದೆ. ಬೆಳಗ್ಗೆಯೂ ಸುತ್ತಿಕೊಂಡೇ ಇದ್ದರೆ ಕೆಳಗೆ ಏನೋ ಸರಿಯಿಲ್ಲ ಎಂದೇ ಲೆಕ್ಕ.

ಹೊಲದ ಒಡತಿ ದೂರದಿಂದಲೇ ಕೂಗಿದಳು. "ಏನ್ ಕಳಕೊಂಡೀರಿ ಅಕ್ಕಾ?"

"ಏನಿಲ್ರಿ. ಈ ಸಾಲಿನಾಗ ಕೆಳಗ ಏನರ ಅಗದು ಮುಚ್ಯಾರೇನ್ರಿ?"

ಆಕೆ ಹತ್ತಿರ ಬಂದು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಹೋದ ಬ್ಯಾಸಗ್ಯಾಗ ಪೈಪ್ ಹಾಕಿ ಮುಚ್ಯಾರ. ನಿಮಗ್ಯಾರು ಹೇಳಿದ್ರು?"

ಅಷ್ಟರಲ್ಲಿ ರಸ್ತೆಯಿಂದ ನನ್ನ ಗಂಡ, "ನಾಡಿ ನೋಡಿದ್ದು ಸಾಕು, ಬರ್ರಿ ಡಾಕ್ಟರಮ್ಮ" ಎಂದು ಕೂಗಿದರು. ಇವರಿಗೆ ನಾನು ಹೊಲ ನೋಡುವುದು ಯಾವಾಗಲೂ ತಮಾಷೆಯೇ. ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತೆ. ವಾಡಿ ಬರುವತನಕ ನನ್ನ ಕಣ್ಣ ಮುಂದೆ ಆ ಒಡತಿಯ ಹೊಲ ಇರಲಿಲ್ಲ. ನಮ್ಮ ಮನೆಯ ಹಿಂದಿನ ಹೊಲವಿತ್ತು. ನಾನು ಮದುವೆಯಾಗಿ ಬಂದ ಮೊದಲ ವರ್ಷದ ಹಿಂಗಾರಿಯಿತ್ತು.

ನನ್ನ ತವರು ಸಿಂಧನೂರಿನ ಕಡೆಯ ಕಾಲುವೆ ಸೀಮೆ. ಅಲ್ಲಿ ಬೆಳೆಯೆಂದರೆ ಬತ್ತ, ಬತ್ತವೆಂದರೆ ನೀರು. ಕಾಲುವೆಗೆ ನೀರು ಬಿಟ್ಟರೆಂದರೆ ಊರಿಗೆ ಊರೇ ಗದ್ದೆಯಲ್ಲಿ. ಗಂಡನ ಊರು ಚಿತ್ತಾಪುರದಿಂದ ಶಹಾಬಾದಿನ ಕಡೆ ಹೋಗುವ ದಾರಿಯಲ್ಲಿನ ಒಂದು ಸಣ್ಣ ಊರು. ಮೇಲೆ ಎರೆಮಣ್ಣು, ಕೆಳಗೆ ಪರಸಿ ಕಲ್ಲು. ಮನೆಯ ನೆಲ, ಗೋಡೆ, ದನ ಕಟ್ಟುವ ಜಾಗ, ಬಟ್ಟೆ ಒಗೆಯುವ ಜಾಗ ಎಲ್ಲ ಪರಸಿಯದೇ. ಇವರಿಗೆ ವಾಡಿಯಲ್ಲಿ ರೈಲ್ವೆ ಕೆಲಸ. ಕ್ವಾರ್ಟರ್ಸ್ ಸಿಗುವತನಕ ನಾನು ಅತ್ತೆ ಮಾವರ ಜೊತೆ ಊರಲ್ಲಿ ಇರುವುದೆಂದು ಮಾತಾಯಿತು. ಹಾಗೆ ಉಳಿದದ್ದು ಹೆಚ್ಚು ಕಡಿಮೆ ಒಂದು ವರ್ಷ.

ಬಂದ ಹೊಸತರಲ್ಲೇ ನಾನು ಊರ ನಗೆಗೆ ಗುರಿಯಾದೆ. ಹಿಂಗಾರಿ ಜೋಳ ಬಿತ್ತುವ ಮಾತು ಬಂದಾಗ, "ಅತ್ತಿ, ಇದಕ್ಕ ನೀರು ಯಾವಾಗ ಬಿಡೋದ್ರಿ?" ಎಂದು ಕೇಳಿಬಿಟ್ಟೆ. ಅತ್ತೆ ನೀಲಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆಯೊಳಗೆ ಆ ಮಾತು ಓಣಿಯೆಲ್ಲ ಸುತ್ತಿ ಬಂತು. ಬಾವಿಗೆ ಹೋದರೆ, "ಏನವ್ವ, ಜೋಳಕ್ಕ ಕಾಲಿವಿ ತರಾಕಿ ನೀನೇ ಏನು?" ಎಂದು ಕೇಳುವವರು. ನನಗೆ ಸಿಟ್ಟು ಬಂತು. ಆದರೆ ಹೊಸ ಸೊಸೆಯ ಸಿಟ್ಟು ಯಾರಿಗೆ ಬೇಕು?

ನಕ್ಕು ಮುಗಿದ ಮೇಲೆ ಅತ್ತೆ ಹೇಳಿಕೊಟ್ಟರು. "ಇದು ಮ್ಯಾಲಿಂದ ಕುಡಿಯೋ ಬೆಳಿ ಅಲ್ಲವ್ವ. ಮಳಿಗಾಲದಾಗ ಭೂಮಿ ಕುಡದು ಇಟ್ಕೊಂಡಿರ್ತದಲ್ಲ, ಆ ಹಸಿ ಹುಡುಕ್ಕೊಂತ ಬೇರು ಕೆಳಗ ಹೋಗ್ತದ. ಹಸಿ ಕೆಳಗ ಸರದಂಗ ಬೇರೂ ಸರೀತದ. ಅದರ ಬೆನ್ನ ಹತ್ತಿ ಹೋಗೂದೇ ಅದರ ಜೀವನ." ಮಳೆ ನಿಂತ ಮೇಲೆ ಬಿತ್ತಿ, ಮತ್ತೆ ಹನಿ ಮಳೆಯಿಲ್ಲದೆ, ಬರೀ ಮಣ್ಣೊಳಗಿನ ಹಸಿಯ ಮೇಲೆ ತೆನೆ ಕಟ್ಟುವ ಬೆಳೆ! ನೀರಲ್ಲಿ ನಿಂತು ಬೆಳೆದ ನನಗೆ ಅದು ಪವಾಡದ ಮಾತಿನಂತೆ ಕೇಳಿತು.

ಅತ್ತೆಯ ತವರು ಚಿಂಚೋಳಿ ತಾಲೂಕಿನ ಚಿಮ್ಮನಚೋಡ. ಮದುವೆಯಾಗಿ ಬರುವಾಗ ಅವರು ತಂದದ್ದರಲ್ಲಿ ಉಳಿದದ್ದು ಒಂದೇ, ಅಲ್ಲಿನ ಬಿಳಿ ಜೋಳದ ಬೀಜ. ಅದರ ರೊಟ್ಟಿ ಬೆಳಗ್ಗೆ ಮಾಡಿದರೆ ಮರುದಿನಕ್ಕೂ ಬಟ್ಟೆಯಂತೆ ಮಡಚಬಹುದಿತ್ತು. ವರ್ಷವೂ ಒಂದಿಷ್ಟು ಬಿತ್ತಿ, ಒಳ್ಳೆಯ ತೆನೆ ಆರಿಸಿ, ಬೂದಿ, ಬೇವಿನೆಲೆ ಹಾಕಿ ಗಡಿಗೆಯಲ್ಲಿ ಇಡುತ್ತಿದ್ದರು. ತವರಿನಲ್ಲಿ ಅಣ್ಣ ತಮ್ಮಂದಿರು ಎಂದೋ ಜೋಳ ಬಿಟ್ಟು ತೊಗರಿಗೆ ತಿರುಗಿದ್ದರು. ಅಲ್ಲೀಗ ಆ ಬೀಜ ಒಂದು ಹಿಡಿಯೂ ಇರಲಿಲ್ಲ. ನಮ್ಮಲ್ಲೂ ಹಿಂದಿನ ವರ್ಷ ಬಿತ್ತಿದ ಮೇಲೆ ಮಳೆ ಬಿಡದೆ ಹಿಡಿದು, ದೂರದ ಹೊಲದಲ್ಲಿ ನೀರು ನಿಂತು, ಬೇರು ಕೊಳೆತು ಬೆಳೆಯೆಲ್ಲ ಹಳದಿಯಾಗಿ ಹೋಗಿತ್ತು. ಗಡಿಗೆಯ ತಳದಲ್ಲಿ ಉಳಿದಿದ್ದ ಬೀಜಕ್ಕೂ ಹುಳ ಹತ್ತಿತ್ತು. ಹಸನು ಮಾಡಿ ಆರಿಸಿದರೆ ಒಂದು ಸಣ್ಣ ಹೊಲಕ್ಕಾಗುವಷ್ಟು. ಅದನ್ನು ಇನ್ನೊಂದು ವರ್ಷ ಇಟ್ಟರೆ ಹುಟ್ಟುವ ಭರವಸೆಯಿರಲಿಲ್ಲ. ಇದ್ದದ್ದನ್ನೆಲ್ಲ ಈ ಸಲವೇ ಬಿತ್ತಬೇಕು, ಬೆಳೆ ಬಂದರೆ ಬೀಜ ಉಳಿಯಿತು, ಬರದಿದ್ದರೆ ಅಲ್ಲಿಗೆ ಮುಗಿಯಿತು.

ಎಲ್ಲಿ ಬಿತ್ತುವುದು ಎಂಬುದೇ ದೊಡ್ಡ ಮಾತಾಯಿತು. ದೂರದ ಹೊಲದಲ್ಲಿ ತೊಗರಿ ನಿಂತಿತ್ತು. ಅದರ ಅಂಚಿನಲ್ಲಿ ಹಾಕಿದರೆ ಹಂದಿ, ಗಿಳಿ ಕಾಯುವವರು ಯಾರು? ಮಾವ ಸಿದ್ರಾಮಪ್ಪ ಮನೆಯ ಹಿಂದಿನ ಹೊಲ ತೋರಿಸಿದರು. ಆ ಹೊಲವೆಂದರೆ ಅವರಿಗೆ ಪ್ರಾಣ. ಅದು ಮೊದಲು ಪರಸಿ ತೆಗೆಯುವ ಖಣಿಯಾಗಿತ್ತಂತೆ. ಕಲ್ಲು ಮುಗಿದ ಮೇಲೆ ಉಳಿದವರೆಲ್ಲ ತಮ್ಮ ಖಣಿಗಳನ್ನು ಹಾಗೇ ಬಾಯ್ತೆರೆದು ಬಿಟ್ಟರು. ಮಾವ ಮಾತ್ರ ವರ್ಷಗಟ್ಟಲೆ ಕಲ್ಲಿನ ಚೂರು ತುಂಬಿ, ಮೇಲೆ ಕೆರೆಯ ಹೂಳು ಹೊಯ್ದು, ಎರೆಮಣ್ಣು ಹರಡಿ, ತಗ್ಗನ್ನು ಮತ್ತೆ ಹೊಲ ಮಾಡಿದ್ದರು. ಮುಂಗಾರಿನಲ್ಲಿ ಅಲ್ಲಿ ಹೆಸರು ಬಿತ್ತಿದರೆ ಊರಲ್ಲೇ ಅಂಥ ಹೆಸರು ಬೇರೆಲ್ಲೂ ಇರುತ್ತಿರಲಿಲ್ಲ. ನೋಡಲು ಬಂದವರು, "ಸಿದ್ರಾಮಪ್ಪ ಕಲ್ಲಿನ ಮ್ಯಾಲ ಬೆಣ್ಣಿ ಹಚ್ಯಾನ" ಎನ್ನುತ್ತಿದ್ದರು.

"ಹೆಸರು ಇಷ್ಟು ಛಲೋ ಬರ್ತದಂದ್ರ ಜೋಳ ಬರಂಗಿಲ್ಲೇನು? ಮನಿ ಹಿಂದೇ ಇರ್ತದ, ಕಣ್ಣಾಗ ಕಣ್ಣಿಟ್ಟು ಕಾಯೂಣ" ಎಂದರು ಮಾವ. ಅತ್ತೆಗೂ ಸರಿಯೆನಿಸಿತು. ಆ ಹೊಲದಲ್ಲಿ ಅಲ್ಲಿತನಕ ಹಿಂಗಾರಿ ಬೆಳೆ ಯಾರೂ ಹಾಕಿರಲಿಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಮಳೆ ನಿಂತು ಮಣ್ಣು ಹದಕ್ಕೆ ಬಂದ ದಿನ ಅತ್ತೆ ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಬೀಜದ ಗಡಿಗೆಯನ್ನು ತಾವೇ ಹೊತ್ತು ತಂದರು.

ಮೊದಲ ಒಂದು ತಿಂಗಳು ನಮ್ಮ ಹೊಲವನ್ನು ಹೊಗಳದವರಿಲ್ಲ. ಹೂಳಿನ ಮಣ್ಣು ಮೆತ್ತಗೆ, ಪೈರು ಕಡು ಹಸಿರು. ಅತ್ತೆ ದಿನಕ್ಕೆ ಹಲವು ಸಲ ಹಿತ್ತಲ ಬಾಗಿಲಿಗೆ ಹೋಗಿ ನೋಡಿ ಬರುತ್ತಿದ್ದರು. ನಮ್ಮಿಬ್ಬರ ನಡುವೆ ಆಗಲೇ ಒಂದು ಸಲಿಗೆ ಬೆಳೆದಿತ್ತು. ನಾನು ನೀರಿನ ಮಾತೆತ್ತಿ ಅವರನ್ನು ರೇಗಿಸುತ್ತಿದ್ದೆ, ಅವರು ನನ್ನನ್ನು "ಕಾಲಿವಿ ಪೋರಿ" ಎಂದು ಕರೆಯುತ್ತಿದ್ದರು.

ನನಗೆ ಬೆಳಗ್ಗೆ ಬೇಗ ಏಳುವ ರೂಢಿ. ತವರಿನಲ್ಲಿ ಎದ್ದ ಕೂಡಲೇ ಗದ್ದೆಯ ನೀರು ನೋಡಿ ಬರುವುದು ನನ್ನ ಕೆಲಸವಾಗಿತ್ತು. ಇಲ್ಲಿ ನೋಡಲು ನೀರಿಲ್ಲ, ಸುಮ್ಮನೆ ಬದುವಿನ ಮೇಲೆ ಒಂದು ಸುತ್ತು ಹಾಕುತ್ತಿದ್ದೆ. ಒಂದು ಬೆಳಗ್ಗೆ ಪಕ್ಕದವರ ಹೊಲದ ಜೋಳ ಎಲೆ ಅಗಲಿಸಿಕೊಂಡು ನಿಂತಿದೆ, ನಮ್ಮದು ಮಾತ್ರ ಎಲೆ ಸುತ್ತಿಕೊಂಡಿದೆ. ಹಿಂದಿನ ದಿನದ ಬಿಸಿಲಿರಬೇಕು ಎಂದುಕೊಂಡೆ. ಮರುದಿನವೂ ಹಾಗೇ. ಅದರ ಮರುದಿನ ಅತ್ತೆಯನ್ನು ಕರೆದುಕೊಂಡು ಹೋದೆ.

"ಅತ್ತಿ, ನಮ್ಮ ಜೋಳ ರಾತ್ರಿನೂ ದಣಿವು ಆರಿಸ್ಕೊಳ್ಳಾಕತ್ತಿಲ್ಲ ನೋಡ್ರಿ."

ಅತ್ತೆ ಬಗ್ಗಿ ಒಂದು ಎಲೆಯನ್ನು ಬೆರಳಿನಿಂದ ಬಿಡಿಸಿದರು. ಬಿಟ್ಟ ಕೂಡಲೇ ಅದು ಮತ್ತೆ ಸುತ್ತಿಕೊಂಡಿತು. ಅವರ ಮುಖ ನೋಡಿ ನನಗೆ, ಯಾಕಾದರೂ ಹೇಳಿದೆನೋ ಎನಿಸಿತು.

ಮಾವ ಒಪ್ಪಲಿಲ್ಲ. ಮಣ್ಣು ಬಿರುಕು ಬಿಟ್ಟಿದೆ, ಸಾಲುಗಳ ನಡುವೆ ಎಡೆ ಹೊಡೆದರೆ ಬಿರುಕು ಮುಚ್ಚಿ ಹಸಿ ನಿಲ್ಲುತ್ತದೆ ಎಂದರು. ಎಡೆ ಹೊಡೆದೂ ಆಯಿತು. ಎಲೆ ಬಿಚ್ಚಲಿಲ್ಲ. ಕೊನೆಗೆ ಅವರೇ ಹಾರೆ ತಂದು ಒಂದು ಗಿಡದ ಬದಿಗೆ ಅಗೆಯತೊಡಗಿದರು. ನಾವಿಬ್ಬರೂ ನಿಂತು ನೋಡಿದೆವು. ಮೇಲಿನ ಮಣ್ಣು ಒಣ, ಅದರ ಕೆಳಗೆ ತುಸು ತೇವ, ಅದರ ಕೆಳಗೆ ಮತ್ತೆ ಒಣ. ಮೊಣಕಾಲಿನಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಹಾರೆ ಖಣ್ ಎಂದಿತು. ಮಾವ ಕೈಯಿಂದ ಮಣ್ಣು ಸರಿಸಿದರು. ಬೇರು ನೆಟ್ಟಗೆ ಇಳಿದು ಬಂದು, ಕಲ್ಲಿನ ಚೂರು ಸಿಕ್ಕಲ್ಲಿ ಅಡ್ಡ ತಿರುಗಿ, ಚೂರುಗಳ ಸಂದಿನಲ್ಲಿ ಕೂದಲಿನಂತೆ ಹರಡಿ ಒಣಗಿತ್ತು. ಅಲ್ಲಿ ಹಸಿಯೇ ಇರಲಿಲ್ಲ. ಮಳೆಗಾಲದ ನೀರೆಲ್ಲ ಚೂರುಗಳ ನಡುವೆ ಜಾರಿ ಪಾತಾಳ ಸೇರಿತ್ತು. ಹೆಸರಿಗೆ ಮೇಲಿನ ಮಣ್ಣೇ ಸಾಕು, ವಾರಕ್ಕೊಮ್ಮೆ ಮಳೆ ಬಂದು ಅದನ್ನು ಸಾಕುತ್ತಿತ್ತು. ಜೋಳಕ್ಕೆ ಬೇಕಾದದ್ದು ತಳದ ಹಸಿ. ಈ ಹೊಲಕ್ಕೆ ತಳವೇ ಇರಲಿಲ್ಲ.

ಮಾವ ತಗ್ಗಿನ ಅಂಚಿಗೆ ಕುಳಿತುಬಿಟ್ಟರು. "ನಾನೇ ತುಂಬೀನಿ" ಎಂದರು. "ಒಂದೊಂದು ಬುಟ್ಟಿ ನಾನೇ ತುಂಬೀನಿ."

ಅತ್ತೆ ಮನೆಗೆ ಹೋದರು. ಆ ದಿನದಿಂದ ಅವರು ಮಾವನ ಜೊತೆ ಮಾತು ಬಿಟ್ಟರು. ಜಗಳವಿಲ್ಲ, ಬೈಗುಳವಿಲ್ಲ, ಬರೀ ಮಾತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದರು. ಹೇಳಬೇಕಾದ್ದನ್ನು ನನ್ನ ಮೂಲಕ ಹೇಳುತ್ತಿದ್ದರು. ಮೂವರೂ ಒಂದೇ ಕೋಣೆಯಲ್ಲಿ ಕುಳಿತಿರುವಾಗ, "ನಿಮ್ಮ ಮಾವಗ ಕೇಳು, ಇನ್ನೊಂದು ರೊಟ್ಟಿ ಬೇಕೇನು" ಎನ್ನುವರು. ಮಾವ ನನ್ನ ಕಡೆ ತಿರುಗಿ, "ಸಾಕು ಅನ್ನು" ಎನ್ನುವರು. ನಗು ಬರುತ್ತಿತ್ತು, ನಗುವ ಧೈರ್ಯ ಇರಲಿಲ್ಲ.

ಹೊಲದಾಚೆ ಇನ್ನೊಬ್ಬರ ಹಳೆಯ ಖಣಿಯಿತ್ತು. ಅದರ ತುಂಬ ಹಸಿರು ನೀರು. ಮಾವ ಯಾರಿಂದಲೋ ಇಂಜಿನ್, ಪೈಪು ತಂದರು. ಅದು ಗುಡುಗುಡು ಎಂದಾಗ ನನಗೆ ತವರಿನ ಕಾಲುವೆಯೇ ಬಂದಷ್ಟು ಖುಷಿ. ಸೀರೆ ಎತ್ತಿ ಕಟ್ಟಿ ನೀರು ತಿರುಗಿಸಲು ನಿಂತೆ. ಆದರೆ ನೀರು ಹೊಲದಲ್ಲಿ ನಿಲ್ಲಲಿಲ್ಲ. ಎರಡು ಸಾಲು ದಾಟುವಷ್ಟರಲ್ಲಿ ಒಂದು ಬಿರುಕು ಬಾಯಿ ಬಿಟ್ಟು ಗುಳುಗುಳು ಎಂದು ಕುಡಿಯತೊಡಗಿತು. ಕುಡಿದಷ್ಟೂ ಬಾಯಿ ದೊಡ್ಡದಾಯಿತು. ಸುತ್ತಲಿನ ಮಣ್ಣು ಕುಸಿದು ಹಲವು ಗಿಡ ಒಳಕ್ಕೆ ವಾಲಿದವು. ಹೂಳು ಮಣ್ಣೇ ನೀರಿನೊಡನೆ ಕಲ್ಲಿನ ಸಂದಿಗೆ ಇಳಿಯುತ್ತಿತ್ತು. "ನಿಲ್ಸ್ರಿ ಮಾವ, ನಿಲ್ಸ್ರಿ!" ಎಂದು ಚೀರಿದೆ. ಇಂಜಿನ್ ನಿಂತ ಮೇಲೂ ಸ್ವಲ್ಪ ಹೊತ್ತು ನೆಲದೊಳಗಿಂದ ಆ ಸದ್ದು ಕೇಳುತ್ತಲೇ ಇತ್ತು. ನೀರಿನ ಮೇಲೆ ನನಗಿದ್ದ ಭಕ್ತಿ ಅಂದು ಕೊಂಚ ಕಡಿಮೆಯಾಯಿತು.

ಮರುದಿನ ಊಟಕ್ಕೆ ಕುಳಿತಾಗ ಮಾವ ನನ್ನನ್ನು ನೋಡಿಕೊಂಡು ಹೇಳಿದರು. "ನಿಮ್ಮ ಅತ್ತಿಗೆ ಹೇಳವ್ವ. ಆ ಮಣ್ಣಾಗ ಇರೋ ಹಸಿ ಎಲ್ಲಾ ಗಿಡಕ್ಕ ಸಾಲಂಗಿಲ್ಲ. ಎಲ್ಲಾ ಉಳಸ್ತೀನಂದ್ರ ಒಂದೂ ಉಳಿಯಂಗಿಲ್ಲ. ಎರಡು ಸಾಲು ಕಿತ್ತು ಒಂದು ಸಾಲು ಬಿಡಬೇಕು. ನಮಗ ಬೇಕಾಗಿದ್ದು ಬೆಳಿ ಅಲ್ಲ, ಬೀಜ."

ಅತ್ತೆ ತಾಟು ಎತ್ತಿಕೊಂಡು ಎದ್ದರು. ಸಂಜೆ ತಾವೇ ಹೊಲಕ್ಕೆ ಹೊರಟರು. ನಾನೂ ಹಿಂದೆ ಹೋದೆ. ಸಾಲಿನ ತುದಿಯಲ್ಲಿ ಕುಳಿತು ಒಂದು ಗಿಡದ ಬುಡ ಹಿಡಿದರು. ಹಿಡಿದೇ ಕುಳಿತರು.

"ನನ್ನ ಕೈಲೆ ಆಗಂಗಿಲ್ಲವ್ವ" ಎಂದರು ಕೊನೆಗೆ. "ನಿನಗ ಇದು ಬರೀ ಜೋಳ. ನೀ ಕೀಳು."

ಸಸಿ ಕೀಳುವುದು ನನಗೆ ಹೊಸದಲ್ಲ. ಬತ್ತದ ಮಡಿಯಲ್ಲಿ ಎರಡೂ ಕೈಯಿಂದ ಕಿತ್ತು ಸೂಡು ಕಟ್ಟುತ್ತಾ ಹಾಡು ಹೇಳಿದವಳು ನಾನು. ಆದರೆ ಅಲ್ಲಿ ಕಿತ್ತದ್ದು ಇನ್ನೊಂದೆಡೆ ನೆಡಲಿಕ್ಕೆ. ಇಲ್ಲಿ ಕಿತ್ತದ್ದು ಹೋಯಿತು, ಅಷ್ಟೇ. ಅಷ್ಟರಲ್ಲಿ ನನಗೂ ಅದು ಬರೀ ಜೋಳವಾಗಿ ಉಳಿದಿರಲಿಲ್ಲ. ಅಳುತ್ತಲೇ ಕಿತ್ತೆ. ಅತ್ತೆ ಬೆನ್ನು ತಿರುಗಿಸಿ ಕುಳಿತಿದ್ದರು. ಬಾಡಿದ ಎಳೆಯ ಜೋಳ ದನಕ್ಕೆ ವಿಷ, ಹಾಗಾಗಿ ಎತ್ತಿನ ಮುಂದೆ ಹಾಕುವಂತೆಯೂ ಇರಲಿಲ್ಲ. ಕಿತ್ತದ್ದನ್ನು ಉಳಿದ ಸಾಲುಗಳ ನಡುವೆ ನೆಲಕ್ಕೆ ಹಾಸಿದೆವು, ಬಿಸಿಲಿಗೆ ಮಣ್ಣು ಒಣಗದಿರಲೆಂದು. ಕೆಲಸ ಮುಗಿದಾಗ ಹೊಲ ಹಲ್ಲು ಬಿದ್ದ ಬಾಯಂತೆ ಕಾಣುತ್ತಿತ್ತು.

ಆಮೇಲಿನ ದಿನಗಳು ಕೊಡ ಹೊರುವ ದಿನಗಳು. ಒಮ್ಮೆಲೇ ಹೆಚ್ಚು ನೀರು ಹಾಕಿದರೆ ಕಲ್ಲಿಗೆ ಹೋಗುತ್ತದೆ, ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲಕ್ಕೇ ಬಂದು ಬಿಸಿಲಿಗೆ ಸುಡುತ್ತದೆ. ಬುಡದ ಬದಿಗೆ ಗುಳಿ ಮಾಡಿ, ಚೆಂಬಿನಿಂದ ನಿಧಾನ ಹೊಯ್ದು, ಇಂಗಿದ ಮೇಲೆ ಒಣ ಮಣ್ಣು ಮುಚ್ಚಬೇಕು. ಅದನ್ನು ಯಾರೂ ಯಾರಿಗೂ ಕಲಿಸಲಿಲ್ಲ, ಮೂವರೂ ತಪ್ಪು ಮಾಡುತ್ತಾ ಮಾಡುತ್ತಾ ಕಲಿತೆವು. ಮಾವ ಖಣಿಯಿಂದ ನೀರು ತುಂಬಿಕೊಡುವರು, ನಾನು ಹೊರುವೆ, ಅತ್ತೆ ಹೊಯ್ಯುವರು. ಕೊಡ ನನ್ನ ಸೊಂಟದ ಮೇಲೆ ಹೋಗುತ್ತಿತ್ತು, ಅವರ ಮಾತೂ ನನ್ನ ಮೂಲಕವೇ ಹೋಗುತ್ತಿತ್ತು. ಒಂದು ಬೆಳಗ್ಗೆ ಹೋಗಿ ನೋಡಿದರೆ ಎಲೆಗಳು ಬಿಚ್ಚಿಕೊಂಡಿದ್ದವು. ನಾನು ಓಡಿ ಬಂದು ಹೇಳಿದಾಗ ಅತ್ತೆ ನಂಬಲಿಲ್ಲ. ತಾವೇ ಹೋಗಿ, ಪ್ರತಿಯೊಂದು ಸಾಲಿನಲ್ಲಿ ನಡೆದು ನೋಡಿ ಬಂದರು.

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಜೋಳ ಹೊಡೆ ಬಿಚ್ಚಿ ತೆನೆ ಇಣುಕುತ್ತಿತ್ತು. ಇವರು ವಾಡಿಯಿಂದ ರಜೆ ಹಾಕಿ ಬಂದಿದ್ದರು. ಊರವರೆಲ್ಲ ಬುತ್ತಿ ಕಟ್ಟಿಕೊಂಡು ತಮ್ಮ ತಮ್ಮ ಹೊಲಕ್ಕೆ ಹೋದರು. ನಾವೂ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹಿತ್ತಲ ಹೊಲಕ್ಕೇ ಹೋದೆವು. ಮಾವ ಅಡುಗೆಯನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಿ, ಚರಗ ಮುಗಿಸಿ ಬಂದು ಕುಳಿತರು. ಅತ್ತೆ ಹೋಳಿಗೆಯ ಮೇಲೆ ತುಪ್ಪ ಹಾಕುತ್ತಾ, "ಇನ್ನೊಂದು ಹಾಕ್ಲೇನು?" ಎಂದರು. ನಾನು ರೂಢಿಯಂತೆ ಮಾವನ ಕಡೆ ತಿರುಗಿ, "ಇನ್ನೊಂದು ಹಾಕ್ಲೇನಂತ" ಎಂದೆ. "ನಿನಗ್ಯಾರು ಕೇಳಂದ್ರು? ನಾ ಅವರಿಗೇ ಕೇಳಾಕತ್ತೀನಿ" ಎಂದು ಅತ್ತೆ ಗದರಿಸಿದರು. ಮಾವ ತಲೆ ತಗ್ಗಿಸಿ, "ಹಾಕು" ಎಂದರು. ವಿಷಯ ಗೊತ್ತಿಲ್ಲದ ಇವರು ನಮ್ಮ ಮುಖ ನೋಡುತ್ತಾ ಕುಳಿತಿದ್ದರು.

ತೆನೆ ಬಂತು, ದೊಡ್ಡದಾಗಿ ಅಲ್ಲ. ಪಕ್ಕದ ಹೊಲದ ತೆನೆಗಳ ಮುಂದೆ ನಮ್ಮವು ಮಕ್ಕಳಂತಿದ್ದವು. ಆದರೆ ಕಾಳು ಗಟ್ಟಿ ಕಟ್ಟಿತ್ತು. ಅತ್ತೆ ಒಂದೊಂದೇ ತೆನೆ ಕತ್ತರಿಸಿ, ಅಂಗಳದ ಪರಸಿಯ ಮೇಲೆ ಹಳೆಯ ಸೀರೆ ಹಾಸಿ, ಕೋಲಿನಿಂದ ಮೆಲ್ಲಗೆ ಬಡಿದು ಕಾಳು ಬಿಡಿಸಿದರು. ಒಂದು ಕಾಳನ್ನೂ ರೊಟ್ಟಿಗೆ ತೆಗೆಯಲಿಲ್ಲ. ಗಡಿಗೆ ಅರ್ಧ ತುಂಬಿತು. ಅದರ ಮುಂದೆ ಕುಳಿತು ಬಹಳ ಹೊತ್ತು ಯೋಚನೆ ಮಾಡಿದರು. ಆಮೇಲೆ ನನ್ನನ್ನು ಕರೆದು ಕೇಳಿದ ಮಾತು ನಾನು ಎಂದೂ ಎಣಿಸಿರದ ಮಾತು.

"ನಿಮ್ಮ ತವರಾಗ ನೀರು ಮುಟ್ಟಲಾರದ ಹೊಲ ಯಾವುದರ ಅದ ಏನವ್ವ?"

ಅಪ್ಪನಿಗೆ ಫೋನ್ ಮಾಡಿದೆ. ಕಾಲುವೆಯ ಕೊನೆಗೆ, ಎತ್ತರದಲ್ಲಿ ಒಂದು ತುಂಡು ಎರೆ ಹೊಲ ಇದೆ, ನೀರು ಹತ್ತುವುದಿಲ್ಲವೆಂದು ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು. ಅತ್ತೆ ಅದನ್ನು ಕೇಳಿ ಬೀಜವನ್ನು ಎರಡು ಪಾಲು ಮಾಡಿದರು. ಒಂದು ಗಡಿಗೆಗೆ, ಇನ್ನೊಂದು ಬಟ್ಟೆಯ ಗಂಟಿಗೆ.

"ಒಂದೇ ಕಡಿ ಇಡೋದು ಬ್ಯಾಡ. ನನ್ನ ತವರಾಗಂತೂ ಉಳೀಲಿಲ್ಲ. ನಿನ್ನ ತವರಾಗ ಇರ್ಲಿ" ಎಂದರು. ವರ್ಷವಿಡೀ ಯಾವ ತವರಿಗಾಗಿ ನನ್ನನ್ನು ನೋಡಿ ನಕ್ಕಿದ್ದರೋ, ಆ ತವರಿಗೇ ತಮ್ಮದನ್ನು ಕೊಡುತ್ತಿದ್ದರು.

ಗಂಟನ್ನು ಇವರ ಕೈಯಲ್ಲಿ ಕಳಿಸುವುದೆಂದು ನಾವು ಮಾತಾಡುತ್ತಿರುವಾಗ ಮಾವ ಎದ್ದು ನಿಂತು, "ನಾ ಒಯ್ತೀನಿ" ಎಂದರು. ನಮ್ಮ ಮದುವೆಯಾದಾಗಿನಿಂದ ಬೀಗರ ಮನೆಗೆ ಕಾಲಿಡದ ಮನುಷ್ಯ. ಮರುದಿನವೇ ಗಂಟನ್ನು ಎದೆಗೆ ಅವಚಿಕೊಂಡು ಹೊರಟರು. ಸಂಜೆ ಅಪ್ಪನ ಫೋನ್ ಬಂತು. ಅತ್ತೆ ಕಸಬರಿಗೆ ಕೆಳಗಿಟ್ಟು ನನ್ನ ಪಕ್ಕ ಬಂದು ನಿಂತರು.

"ಏನವ್ವಾ, ನಿಮ್ಮ ಮಾವ ಹಿಂಗ್ಯಾಕ?" ಎಂದರು ಅಪ್ಪ. "ಬಂದಾರ, ಕುಂದ್ರಿ ಅಂದ್ರ ಕುಂದರಲಿಲ್ಲ. ಚಹಾ ಬ್ಯಾಡಂದ್ರು, ಹಾರಿ ಕೊಡ್ರಿ ಅಂದ್ರು. ಸೀದಾ ಹೊಲಕ್ಕ ಹೋಗಿ ಅಗ್ಯಾಕ ನಿಂತ್ರು. ಒಂದು ಕಡಿ ಅಲ್ಲ, ಮೂಲಿ ಮೂಲಿಗೆ ಅಗದಾರ. ತಗ್ಗಿನಾಗ ಇಳದು ಕೈ ಹಾಕಿ ನೋಡ್ಯಾರ. ಊರ ಮಂದಿ ಎಲ್ಲಾ ನಿಂತು ನೋಡಾಕತ್ಯಾರ."

ನಾನು ಅತ್ತೆಗೆ ಹೇಳಿದೆ. ಅವರು ನಗಲಿಲ್ಲ. ಸೆರಗಿನ ತುದಿ ಹಿಡಿದುಕೊಂಡು, "ಕೇಳು" ಎಂದರು. "ಕಲ್ಲು ಹತ್ತಿತಂತೇನು?"

ಕೇಳಿದೆ. "ಇಲ್ಲವ್ವ, ಎಲ್ಲೂ ಕಲ್ಲಿಲ್ಲ. ತಳದ ಮಣ್ಣು ಇನ್ನಾ ಹಸೀನೇ ಅದ" ಎಂದರು ಅಪ್ಪ. "ಆದ್ರೂ ಅವರು ತಗ್ಗಿನಾಗೇ ಕುಂತು ಅಳಾಕತ್ಯಾರ. ಏನಾತಂತ ಕೇಳಿದ್ರ, ಇದಕ್ಕ ತಳ ಅದ ಅಂತ ನೀಲಮ್ಮಗ ಹೇಳ್ರಿ ಅಂತಾರ, ಅಷ್ಟೇ."